ಗೀಸರ್ ಬಿಟ್ಟುಕೊಟ್ಟು ಗೆದ್ದ ಕ್ಲೇಮು: ಒಂದು ಪ್ರಕರಣ ಅಧ್ಯಯನ

2023ರ ನವೆಂಬರ್ 13, ಸೋಮವಾರ, ದೀಪಾವಳಿ ಅಮಾವಾಸ್ಯೆ. ಬೆಳಗ್ಗೆ ಒಂಬತ್ತು ದಾಟಿತ್ತು. ಎರಡನೇ ಮಹಡಿಯ ಬಾಡಿಗೆಮನೆಯ ಹುಡುಗ ಫೋನ್ ಮಾಡಿ, "ಸರ್, ನಮ್ಮ ಮಲಗುವ ಕೋಣೆಯಲ್ಲಿ ಮಳೆ ಬರುತ್ತಿದೆ" ಎಂದ. ಹಬ್ಬಕ್ಕೆ ಊರಿಗೆ ಹೋಗಿದ್ದ ಅವನೂ ಅವನ ಹೆಂಡತಿಯೂ ಆಗಷ್ಟೇ ಬಾಗಿಲು ತೆರೆದಿದ್ದರು. ಹೋಗಿ ನೋಡಿದೆ. ಫ್ಯಾನಿನ ಕೊಕ್ಕೆಯ ಸುತ್ತಲಿಂದ ನೀರು ದಾರ ಬಿಟ್ಟಂತೆ ಇಳಿಯುತ್ತಿತ್ತು. ಫಾಲ್ಸ್ ಸೀಲಿಂಗಿನ ಒಂದು ಜಿಪ್ಸಮ್ ಹಲಗೆ ನೆನೆದು ಹಾಸಿಗೆಯ ಮೇಲೆ ಬಿದ್ದಿತ್ತು, ಇನ್ನೊಂದು ಬೀಳಲು ಜೋತಾಡುತ್ತಿತ್ತು. ಗೋಡೆಯ ಟಿವಿಯ ಹಿಂದಿನಿಂದಲೂ ನೀರು.

ಮೇಲಿನ ಮನೆ ಮೇಷ್ಟ್ರದು. ನಿವೃತ್ತ ಕನ್ನಡ ಉಪನ್ಯಾಸಕರು, ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿದವರು. ಅವರೂ ಪತ್ನಿಯೂ ಶನಿವಾರ ನಸುಕಿನಲ್ಲೇ ಶಿವಮೊಗ್ಗದ ಕಡೆಯ ಊರಿಗೆ ಹೋಗಿದ್ದರು. ಎದುರುಮನೆಯಲ್ಲಿ ಬಿಟ್ಟಿದ್ದ ಬೀಗದ ಕೈ ತಂದು ಬಾಗಿಲು ತೆಗೆದರೆ ಪಾದ ಮುಳುಗುವಷ್ಟು ನೀರು. ಹಜಾರದ ತುಂಬ ಚಪ್ಪಲಿ, ಹಾಳೆ, ಒಂದು ಪ್ಲಾಸ್ಟಿಕ್ ಮಣೆ ತೇಲುತ್ತಿದ್ದವು. ದೀಪ ಹತ್ತಲಿಲ್ಲ. ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ತಾನಾಗಿ ಬಿದ್ದಿತ್ತು. ಅದು ಬಿದ್ದಿದ್ದರಿಂದಲೇ ಆ ನೀರಿನಲ್ಲಿ ಕಾಲಿಟ್ಟ ನಾನು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಖಜಾಂಚಿಯಾಗಿ ಈ ಪ್ರಕರಣದ ಕಾಗದಗಳೆಲ್ಲ ನನ್ನ ಕೈ ದಾಟಿಯೇ ಹೋದವು. ಮೇಷ್ಟ್ರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮನೆ ವಿಮೆ ಮಾಡಿಸಿದವರಲ್ಲಿ ಬಹುಪಾಲು ಜನ ಬೆಂಕಿ, ಭೂಕಂಪ, ಕಳ್ಳತನ ಎಂದು ಯೋಚಿಸುತ್ತಾರೆ. ಬಚ್ಚಲಮನೆಯ ಗೋಡೆಯ ಮೇಲೆ ಇಪ್ಪತ್ತೈದು ಲೀಟರ್ ಬಿಸಿನೀರನ್ನು ಒತ್ತಡದಲ್ಲಿ ಹಿಡಿದಿಟ್ಟುಕೊಂಡಿರುವ ಉಕ್ಕಿನ ಪಾತ್ರೆ ಅವರ ಲೆಕ್ಕದಲ್ಲಿ ಇರುವುದಿಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲ.

ಬಕೆಟ್ಟಿನ ಕೆಳಗೆ

ನೀರಿನ ಮೂಲ ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಮಲಗುವ ಕೋಣೆಗೆ ಸೇರಿದ ಬಚ್ಚಲಮನೆಯಲ್ಲಿ ಗೀಸರಿನ ತಳದಿಂದ ನೀರು ಬೀಸಣಿಗೆಯಂತೆ ಹರಡಿ ಎದುರುಗೋಡೆಗೆ ಬಡಿಯುತ್ತಿತ್ತು. ಕೊಳವೆಗಳು ಇಳಿಯುವ ಡಕ್ಟಿನಲ್ಲಿರುವ ಮನೆಯ ಮುಖ್ಯ ವಾಲ್ವ್ ವರ್ಷಗಟ್ಟಲೆ ತಿರುಗಿಸದೆ ಬಿಗಿದುಕೊಂಡಿತ್ತು. ಕಾವಲಿನವನೂ ನಾನೂ ಸೇರಿ ಸ್ಪ್ಯಾನರ್ ಹಾಕಿ ತಿರುಗಿಸುವಷ್ಟರಲ್ಲಿ ಇನ್ನೂ ಕಾಲುಗಂಟೆ ಹೋಯಿತು.

ಆದರೆ ಬಚ್ಚಲಲ್ಲಿ ಸುರಿದ ನೀರು ಬಚ್ಚಲಲ್ಲೇ ಇಳಿದುಹೋಗಬೇಕಲ್ಲ? ಅಲ್ಲಿತ್ತು ನೋಡಿ ಊರಿಗೆ ಹೋಗುವವರ ಜಾಣತನ. ಜಿರಲೆ ಬರಬಾರದೆಂದು ನೆಲದ ಜಾಲರಿಯ ಮೇಲೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಹಾಸಿ, ಅದರ ಮೇಲೆ ನೀರು ತುಂಬಿದ ಬಕೆಟ್ ಇಟ್ಟಿದ್ದರು. ನೀರು ಹೋಗುವ ದಾರಿ ಒಂದೇ, ಅದೂ ಬಂದ್. ಬಚ್ಚಲು ತುಂಬಿ, ಎರಡು ಬೆರಳು ಎತ್ತರದ ಗ್ರಾನೈಟ್ ಹೊಸ್ತಿಲು ದಾಟಿ, ಮಲಗುವ ಕೋಣೆಯ ಮರದ ಪಟ್ಟಿಯ ನೆಲಹಾಸಿನ ಕೆಳಗೆ ನುಗ್ಗಿತ್ತು. ಶನಿವಾರ ಸಂಜೆ ಮೇಷ್ಟ್ರು ಊರಿನಲ್ಲಿ ನೀರು ತುಂಬುವ ಹಬ್ಬ ಮಾಡುತ್ತಿದ್ದರು. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹೂವಿನ ಬಳ್ಳಿ ಸುತ್ತಿ ನೀರು ತುಂಬಿದ್ದರು. ಅದೇ ರಾತ್ರಿ ಇಲ್ಲಿ ಮನೆಯೇ ತುಂಬಿತು. ಆಮೇಲೆ ಅವರೇ ಇದನ್ನು ಹೇಳಿಕೊಂಡು ನಕ್ಕರು. ಆ ದಿನ ಮಾತ್ರ ನಗಲಿಲ್ಲ.

ಗೀಸರಿನ ಸ್ವಿಚ್ ಹಾಕಿಯೇ ಇತ್ತು. ಸ್ನಾನ ಮೊದಲು ಮುಗಿಸಿದವರು ಮೇಷ್ಟ್ರು, ಆಮೇಲೆ ಅವರ ಪತ್ನಿ. ಇವರು ಆರಿಸಿರಬೇಕೆಂದು ಅವರು, ಅವರು ಆರಿಸಿರಬೇಕೆಂದು ಇವರು. ಸ್ವಿಚ್ಚಿನ ಕೆಂಪು ದೀಪ ಸುಟ್ಟುಹೋಗಿ ಎಷ್ಟು ವರ್ಷವಾಗಿತ್ತೋ ಇಬ್ಬರಿಗೂ ನೆನಪಿರಲಿಲ್ಲ.

ಗೀಸರಿನ ಹೊಟ್ಟೆಯೊಳಗೆ

ಒಂಬತ್ತು ವರ್ಷದ ಹಳೆಯ ಗೀಸರ್. ಒಳಗೆ ಗಾಜಿನ ಲೇಪದ ಉಕ್ಕಿನ ಟ್ಯಾಂಕ್, ಎರಡು ಕಿಲೋವಾಟ್ ಕಾಯಿಲ್. ಟ್ಯಾಂಕಿನ ವಾರಂಟಿ ಎಂದೋ ಮುಗಿದಿತ್ತು. ನಷ್ಟ ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬರುವವರೆಗೆ ಅದನ್ನು ಗುಜರಿಯವನಿಗೆ ಕೊಡಬೇಡಿ ಎಂದು ಮೇಷ್ಟ್ರಿಗೆ ಹೇಳಿದ್ದೆ. ಇಡೀ ಪ್ರಕರಣದಲ್ಲಿ ನಾನು ಹೇಳಿದ ಒಂದೇ ಒಂದು ಒಳ್ಳೆಯ ಮಾತು ಅದು. ಒಡೆದ ವಸ್ತುವನ್ನು ಎಸೆದ ಮೇಲೆ ಅದು ಹೇಗೆ ಒಡೆಯಿತು ಎಂದು ವಾದಿಸಲು ಏನೂ ಉಳಿಯುವುದಿಲ್ಲ.

ಸರ್ವೇಯರ್ ಎದುರಿನಲ್ಲೇ ಅದನ್ನು ಬಿಚ್ಚಿಸಿದೆವು. ತಳದಿಂದ ಎರಡು ಬೊಗಸೆ ಬಿಳಿಯ ಗಸಿ ಬಿತ್ತು, ಒಡೆದ ಸುಣ್ಣದ ಹೆಂಟೆಯ ಹಾಗೆ. ನಮ್ಮದು ಬೋರ್‌ವೆಲ್ ನೀರು. ಚೊಂಬಿನ ಅಂಚಿನಲ್ಲೇ ಬಿಳಿ ಕಟ್ಟುವ ಗಡಸು. ಟ್ಯಾಂಕಿನೊಳಗೆ ಮೆಗ್ನೀಸಿಯಮ್ಮಿನ ಒಂದು ಸರಳು ಇರುತ್ತದೆ, ಆನೋಡ್ ಎನ್ನುತ್ತಾರೆ. ಉಕ್ಕಿಗಿಂತ ಮೊದಲು ತುಕ್ಕಿಗೆ ತಾನೇ ಆಹಾರವಾಗಿ ಟ್ಯಾಂಕನ್ನು ಕಾಯುವುದು ಅದರ ಕೆಲಸ. ಹೊಸದರಲ್ಲಿ ಹೆಬ್ಬೆರಳಿನಷ್ಟು ದಪ್ಪ. ಇಲ್ಲಿ ಉಳಿದಿದ್ದು ನಡುವಿನ ತಂತಿ, ಅದಕ್ಕೆ ಅಂಟಿಕೊಂಡ ಒಂದೆರಡು ಗಂಟು. ಸರಳು ಸವೆದ ಮೇಲೆ ತುಕ್ಕು ಟ್ಯಾಂಕಿನ ಬೆಸುಗೆಗೇ ಬಾಯಿ ಹಾಕಿತ್ತು. ತಳದ ಬೆಸುಗೆಯ ಉದ್ದಕ್ಕೂ ಬೆರಳಿನ ಒಂದು ಗೆಣ್ಣಿನಷ್ಟು ಸೀಳು. ಕೂದಲೆಳೆಯ ಅಗಲ, ಅಂಚು ಹೊರಕ್ಕೆ ಬಾಗಿತ್ತು. ಹೊರಕ್ಕೆ ಬಾಗಿದ್ದ ಆ ಅಂಚನ್ನು ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದುಕೊಂಡೆ. ಆಗ ಅದರ ಬೆಲೆ ತಿಳಿದಿರಲಿಲ್ಲ.

ಇನ್ನೊಂದು ವಸ್ತು ಕಣ್ಣಿಗೆ ಬಿದ್ದದ್ದು ತಣ್ಣೀರು ಒಳಬರುವ ಕಡೆ. ಅಲ್ಲಿ ಹಿತ್ತಾಳೆಯ ಒಂದು ಸಣ್ಣ ವಾಲ್ವ್ ಇರುತ್ತದೆ. ಒಳಗೆ ಹೋದ ನೀರು ಹಿಂದಕ್ಕೆ ಬಾರದಂತೆ ತಡೆಯುವುದೂ ಅದೇ, ಒತ್ತಡ ಹೆಚ್ಚಾದಾಗ ಹೊರಬಿಡುವುದೂ ಅದೇ. ಅದರ ಪಕ್ಕದಲ್ಲೊಂದು ಪುಟ್ಟ ಬಾಯಿ. ಆ ಬಾಯಿಗೆ ಯಾರೋ ಎಪಾಕ್ಸಿ ಅಂಟು ಮೆತ್ತಿ, ಮೇಲೆ ಟೆಫ್ಲಾನ್ ಟೇಪ್ ಸುತ್ತಿ ಭದ್ರವಾಗಿ ಮುಚ್ಚಿದ್ದರು.

ಇದರ ಅರ್ಥ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಬೇಕು. 25 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 400 ಮಿಲಿ ಲೀಟರ್ ಹಿಗ್ಗುತ್ತದೆ. ಎರಡು ಲೋಟ ನೀರು. ನಲ್ಲಿ ಮುಚ್ಚಿದೆ, ಹಿಂದಕ್ಕೆ ಹೋಗಲು ವಾಲ್ವ್ ಬಿಡುವುದಿಲ್ಲ. ನೀರು ಅದುಮಿದರೆ ಕುಗ್ಗುವ ಪದಾರ್ಥವಲ್ಲ. ಹಾಗಾಗಿ ಆ ಎರಡು ಲೋಟ ಪುಟ್ಟ ಬಾಯಿಯಿಂದ ಹನಿಹನಿಯಾಗಿ ಹೊರಬೀಳಬೇಕು. ಹನಿಯುವುದು ಆ ವಾಲ್ವಿನ ರೋಗವಲ್ಲ, ಉಸಿರಾಟ. ಬಾಯಿ ಮುಚ್ಚಿದರೆ ಪ್ರತಿ ಸಲ ಕಾಯಿಸಿದಾಗಲೂ ಒತ್ತಡವನ್ನೆಲ್ಲ ಟ್ಯಾಂಕೇ ತಡೆದುಕೊಳ್ಳಬೇಕು. ಗಟ್ಟಿಮುಟ್ಟಾದ ಟ್ಯಾಂಕ್ ಒಂದಷ್ಟು ವರ್ಷ ತಡೆಯುತ್ತದೆ. ಆನೋಡ್ ಸವೆದು ಬೆಸುಗೆ ತಿಂದುಹೋದ ಟ್ಯಾಂಕ್ ಎಷ್ಟು ದಿನ ತಡೆದೀತು?

ಮುಚ್ಚಿದವನು ಯಾರೆಂಬುದು ಮೇಷ್ಟ್ರ ಕಡತದಲ್ಲೇ ಇತ್ತು. ಹಿಂದಿನ ವರ್ಷದ ಒಂದು ಚೀಟಿ: "ಗೀಸರ್ ವಾಲ್ ಲೀಕ್ ಬಂದ್ ಮಾಡಿದ್ದು – 350." ಪ್ಲಂಬರನ್ನು ಕರೆಸಿ ಕೇಳಿದರೆ ಅವನಿಗೆ ನಾಚಿಕೆಯೇನೂ ಇರಲಿಲ್ಲ. "ಹನಿಯುತ್ತದೆ, ನಿಲ್ಲಿಸಪ್ಪ ಎಂದರು. ನಿಲ್ಲಿಸಿದೆ." ಅವನ ಮಾತಿನಲ್ಲಿ ತಪ್ಪು ಹುಡುಕುವುದು ನನಗೂ ಕಷ್ಟವಾಯಿತು. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದ.

ಸಿಡಿದದ್ದೋ, ಸೋರಿದ್ದೋ

ಮೇಷ್ಟ್ರ ಪಾಲಿಸಿ "ಭಾರತ್ ಗೃಹ ರಕ್ಷಾ". ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ರೂಪಿಸಿ, 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಏಕರೂಪದ ಗೃಹವಿಮೆ ಇದು. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಒಂದೇ. ಕಟ್ಟಡದ ವಿಮಾ ಮೊತ್ತವನ್ನು ನಿರ್ಮಾಣ ವೆಚ್ಚದ ಮೇಲೆ ಕಟ್ಟುತ್ತಾರೆ, ಮಾರುಕಟ್ಟೆ ಬೆಲೆಯ ಮೇಲಲ್ಲ. ಮೇಷ್ಟ್ರ ಮನೆಯ ಕಾರ್ಪೆಟ್ ವಿಸ್ತೀರ್ಣ 1,050 ಚದರಡಿ. ಚದರಡಿಗೆ 2,200 ರೂಪಾಯಿಯಂತೆ 23.10 ಲಕ್ಷ. ಕಟ್ಟಡ, ಸಾಮಾನು ಎರಡಕ್ಕೂ ಸೇರಿಸಿ ಪಾಲಿಸಿ ಕೊಂಡರೆ, ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನ್ಯ ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಅಂದರೆ ಇವರಿಗೆ 4.62 ಲಕ್ಷ, ಸಾಮಾನಿನ ಪಟ್ಟಿ ಕೊಡಬೇಕಾಗಿಲ್ಲ. ಗೋಡೆಗೆ ಬಿಗಿದ ವಿದ್ಯುತ್ ಉಪಕರಣಗಳನ್ನೂ ಪಾಲಿಸಿ ಸಾಮಾನಿನ ಲೆಕ್ಕಕ್ಕೇ ಸೇರಿಸುತ್ತದೆ. ಹಾಗಾಗಿ ಗೀಸರ್ ಕಾಗದದ ಮೇಲೆ ಕಟ್ಟಡವಲ್ಲ, ಸಾಮಾನು.

ರಕ್ಷಣೆ ಇರುವ ಅಪಾಯಗಳ ಪಟ್ಟಿಯಲ್ಲಿ ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಭೂಕುಸಿತಗಳ ನಂತರ, ಯಾರೂ ಓದದ ಕಡೆಯ ಸಾಲುಗಳಲ್ಲಿ, "ನೀರಿನ ತೊಟ್ಟಿ, ಉಪಕರಣ, ಕೊಳವೆಗಳು ಸಿಡಿಯುವುದು ಅಥವಾ ಉಕ್ಕಿ ಹರಿಯುವುದು" ಎಂಬ ಅರ್ಥದ ಒಂದು ಸಾಲಿದೆ. ನಮ್ಮ ಪ್ರಕರಣ ನಿಂತದ್ದು ಅದರ ಮೇಲೆ.

ಮೇಷ್ಟ್ರು ಸಲ್ಲಿಸಿದ ಲೆಕ್ಕ ಹೀಗಿತ್ತು: ನೆಲಹಾಸು 22,400, ವಾರ್ಡ್‌ರೋಬ್ 38,000, ಹಾಸಿಗೆ 18,000, ಗೋಡೆ ಗಾರೆ ಮತ್ತು ಬಣ್ಣ 16,500, ವೈರಿಂಗ್ 7,200, ನೆಲದ ಮೇಲಿದ್ದ ಕಂಪ್ಯೂಟರ್ 31,000, ಕೆಳಗಿನ ಗೂಡಿನ ಪುಸ್ತಕಗಳು 9,000, ಗೀಸರ್ 11,800. ಒಟ್ಟು 1,53,900 ರೂಪಾಯಿ. ಊದಿಕೊಂಡ ನೆಲಹಾಸನ್ನೂ ಬಿದ್ದ ಗಾರೆಯನ್ನೂ ಸಾಗಿಸಲು ಕೊಟ್ಟ 3,500 ಬೇರೆ.

ಕಾಗದ ಸಲ್ಲಿಸುವ ಹಿಂದಿನ ರಾತ್ರಿ ಮೇಷ್ಟ್ರ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಪ್ಲಂಬರಿನ ಚೀಟಿ ಕೊಡಬೇಡಿ ಎಂದು ಅವರ ಪತ್ನಿ. ಸರ್ವೇಯರ್ ಆ ಅಂಟನ್ನು ಕಣ್ಣಾರೆ ಕಂಡಿದ್ದಾನೆ, ಮುಚ್ಚಿಟ್ಟರೆ ಕಳ್ಳರಾಗುತ್ತೇವೆ ಎಂದು ಮೇಷ್ಟ್ರು. ನಾನು ಮೇಷ್ಟ್ರ ಪಕ್ಷ ವಹಿಸಿದೆ, ಆ ಅಮ್ಮನ ಕಾಫಿ ಕುಡಿಯುತ್ತಲೇ. ಕ್ಲೇಮಿನಲ್ಲಿ ಸುಳ್ಳು ಸೇರಿತೆಂದರೆ ನಿಜವಾದ ನಷ್ಟವೂ ಅದರ ಜೊತೆಗೇ ಮುಳುಗುತ್ತದೆ. ಆದರೆ ಒಪ್ಪಿಕೊಳ್ಳಬೇಕು, ಮುಂದೆ ಬಂದ ತೊಂದರೆಯ ಮೂರನೇ ಒಂದು ಪಾಲು ಆ ಚೀಟಿಯಿಂದಲೇ ಬಂತು.

ಡಿಸೆಂಬರ್ ಕೊನೆಯ ವಾರ ಕಂಪನಿಯ ಪತ್ರ ಬಂತು. ಕ್ಲೇಮು ತಿರಸ್ಕೃತ. ಕಾರಣ ಮೂರು. ಒಂದು, ಟ್ಯಾಂಕ್ ಕಾಲಕ್ರಮದಲ್ಲಿ ತುಕ್ಕು ಹಿಡಿದು ಸೋರಿದೆ. ಇದು ಸವೆತ, ಸಿಡಿತವಲ್ಲ. ಎರಡು, ವಿದ್ಯುತ್ ಉಪಕರಣಕ್ಕೆ ಅತಿಯಾದ ಒತ್ತಡದಿಂದಾದ ಹಾನಿ ಪಾಲಿಸಿಯ ಹೊರಗಿದೆ. ಮೂರು, ವಿಮೆದಾರರ ಪರವಾಗಿ ಬಂದ ವ್ಯಕ್ತಿ ಉದ್ದೇಶಪೂರ್ವಕವಾಗಿ ವಾಲ್ವ್ ಮುಚ್ಚಿದ್ದಾನೆ. ಉದ್ದೇಶಪೂರ್ವಕ ಕೃತ್ಯದ ಹಾನಿಗೆ ಪರಿಹಾರವಿಲ್ಲ.

ಪತ್ರ ಓದಿ ನನಗೆ ಕೈಕಾಲು ಬಿದ್ದುಹೋಯಿತು. ಮೇಷ್ಟ್ರು ಮಾತ್ರ ಕನ್ನಡಕ ಏರಿಸಿ, ಪಾಲಿಸಿಯ ಪುಟಗಳನ್ನು ಮುಂದಿಟ್ಟುಕೊಂಡು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದು ಕುಳಿತರು. ಪಂಪನ ಪದ್ಯದಲ್ಲಿ ಯಾವ ವಿಶೇಷಣ ಯಾವ ನಾಮಪದಕ್ಕೆ ಸೇರುತ್ತದೆ ಎಂದು ಹುಡುಗರಿಗೆ ಅನ್ವಯ ಬಿಡಿಸಿ ಹೇಳಿದವರಿಗೆ ವಿಮಾ ಕಂಪನಿಯ ಇಂಗ್ಲಿಷ್ ಏನು ಮಹಾ? ಒಂದು ಗಂಟೆಯ ನಂತರ ಅವರು ತೋರಿಸಿದ್ದು ಎರಡನೇ ಕಾರಣದ ಬಾಲ. ವಿದ್ಯುತ್ ಯಂತ್ರ, ಉಪಕರಣಗಳಿಗೆ ಅತಿ ಒತ್ತಡ, ಶಾರ್ಟ್ ಸರ್ಕ್ಯೂಟ್, ತಾನಾಗಿ ಬಿಸಿಯಾಗುವುದು ಇತ್ಯಾದಿಗಳಿಂದಾಗುವ ಹಾನಿ ಹೊರಗೆ ಎಂದು ಹೇಳುವ ಷರತ್ತು ಅಲ್ಲಿಗೇ ನಿಲ್ಲುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ವಾಕ್ಯವಿದೆ: ಹೊರಗಿಡುವ ಈ ಮಾತು ಹಾಗೆ ಹಾಳಾದ ಆ ಒಂದು ಯಂತ್ರಕ್ಕೆ ಮಾತ್ರ ಅನ್ವಯ. ಗೀಸರಿಗೆ ದುಡ್ಡಿಲ್ಲ, ಸರಿ. ಗೀಸರ್ ಒಡೆದು ಹರಿದ ನೀರಿನಿಂದ ಹಾಳಾದ ನೆಲ, ಗೋಡೆ, ಹಾಸಿಗೆಗಳಿಗೆ ಆ ಮಾತು ತಟ್ಟುವುದಿಲ್ಲ.

"ಹನ್ನೊಂದು ಸಾವಿರದ ಎಂಟುನೂರು ಅವರೇ ಇಟ್ಟುಕೊಳ್ಳಲಿ" ಎಂದರು ಮೇಷ್ಟ್ರು. "ಒತ್ತಡದಿಂದ ಒಡೆಯಿತು ಎಂದು ಅವರ ಬಾಯಿಂದಲೇ ಬಂದಿದೆಯಲ್ಲ, ನನಗೆ ಅಷ್ಟು ಸಾಕು."

ಮೊದಲ ಎರಡು ಕಾರಣಗಳು ಒಂದನ್ನೊಂದು ಹೊಡೆದುಹಾಕುತ್ತಿದ್ದವು. ನಿಧಾನವಾಗಿ ಸೋರಿತು ಎಂದರೆ ಅಲ್ಲಿ ಅತಿ ಒತ್ತಡ ಇರಲಿಲ್ಲ. ಅತಿ ಒತ್ತಡದಿಂದ ಹಾಳಾಯಿತು ಎಂದರೆ ಅದು ಸಿಡಿತ. ಎರಡನ್ನೂ ಒಂದೇ ಪತ್ರದಲ್ಲಿ ಹೇಳುವಂತಿಲ್ಲ. ಗೀಸರಿನ ಬೆಲೆಗೂ ಹಟ ಹಿಡಿದಿದ್ದರೆ ಮೇಷ್ಟ್ರೇ ಒತ್ತಡದ ಮಾತನ್ನು ಅಲ್ಲಗಳೆಯಬೇಕಾಗುತ್ತಿತ್ತು, ಆಗ ಸಿಡಿತವೂ ಕೈಬಿಡುತ್ತಿತ್ತು. ಅದನ್ನು ಬಿಟ್ಟುಕೊಟ್ಟದ್ದೇ ಅವರ ವಾದಕ್ಕೆ ಬಲ ತಂದಿತು.

ವಾದ ಚೆನ್ನಾಗಿತ್ತು, ಆದರೆ ಸಾಕ್ಷಿ ಬೇಕಲ್ಲ. ಅದು ಸಿಕ್ಕಿದ್ದು ಸಂಘದ ಕಚೇರಿಯಲ್ಲಿ. ನಮ್ಮಲ್ಲಿ ಬೆಸ್ಕಾಂ ಕರೆಂಟಿಗೂ ಜನರೇಟರ್ ಕರೆಂಟಿಗೂ ಸೇರಿ ಮನೆಗೊಂದು ಪ್ರೀಪೇಯ್ಡ್ ಮೀಟರ್ ಇದೆ. ಅರ್ಧ ಗಂಟೆಗೊಮ್ಮೆ ಎಷ್ಟು ಯೂನಿಟ್ ಹೋಯಿತು ಎಂದು ದಾಖಲಿಸುತ್ತದೆ. ಇದುವರೆಗೆ ಅದರ ಉಪಯೋಗ ಬಿಲ್ಲಿನ ತಕರಾರಿಗೆ ಮಾತ್ರ ಆಗಿತ್ತು. ನವೆಂಬರ್ 11ರ ಹಾಳೆ ತೆಗೆದು ನೋಡಿದೆ. ಮನೆಯಲ್ಲಿ ಯಾರೂ ಇಲ್ಲ, ಫ್ರಿಜ್ಜಿನ ಸಣ್ಣ ಬಳಕೆ ಒಂದೇ ಸಮನೆ ಇದೆ. ಅದರ ನಡುವೆ ಬೆಳಗ್ಗೆ ಹತ್ತೂವರೆಗೆ ಕಾಲು ಯೂನಿಟ್ಟಿನ ಒಂದು ಏರು, ಸಂಜೆ ನಾಲ್ಕಕ್ಕೆ ಇನ್ನೊಂದು, ರಾತ್ರಿ ಒಂಬತ್ತೂವರೆಗೆ ಮತ್ತೊಂದು. ಆರಿದ ನೀರನ್ನು ಗೀಸರ್ ಮತ್ತೆ ಮತ್ತೆ ಕಾಯಿಸುತ್ತಿದ್ದ ಗುರುತು. ನಾಲ್ಕನೆಯ ಏರು 12ರ ನಸುಕಿನ 2.30ರಿಂದ 3ರ ನಡುವೆ: 0.19 ಯೂನಿಟ್, ಉಳಿದವುಗಳಿಗಿಂತ ಮೊಟಕು. ಮುಂದಿನ ಅರ್ಧ ಗಂಟೆ ಸೊನ್ನೆ. ಆಮೇಲೆ ಫ್ರಿಜ್ಜೂ ಇಲ್ಲ, ಎಲ್ಲ ಸೊನ್ನೆ.

ಕಾಯಿಸುತ್ತಿದ್ದಾಗಲೇ, ಒತ್ತಡ ಏರುತ್ತಿದ್ದ ಹೊತ್ತಿನಲ್ಲೇ ಟ್ಯಾಂಕ್ ಬಿರಿದಿದೆ, ನೀರು ತಂತಿಗೆ ತಗುಲಿ ಆರ್‌ಸಿಸಿಬಿ ಬಿದ್ದಿದೆ. ಸವೆತ ಒಂಬತ್ತು ವರ್ಷದ್ದಿರಬಹುದು. ಸಿಡಿತಕ್ಕೆ ಅರ್ಧ ಗಂಟೆಯ ಮುಹೂರ್ತವಿದೆ. ಈ ಹಾಳೆ, ಹೊರಕ್ಕೆ ಬಾಗಿದ ಅಂಚಿನ ಫೋಟೊ, ಮತ್ತು ಎರಡು ದಿನ ಮನೆಯಲ್ಲಿ ಜನವಿಲ್ಲದಿದ್ದರೂ ಆ ತಿಂಗಳು ಎಂದಿಗಿಂತ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಖರ್ಚಾದ ನೀರಿನ ಬಿಲ್ಲು, ಮೂರನ್ನೂ ಮೇಷ್ಟ್ರು ತಮ್ಮ ಪತ್ರಕ್ಕೆ ಲಗತ್ತಿಸಿದರು.

ಮೂರನೇ ಕಾರಣಕ್ಕೆ ಅವರ ಉತ್ತರ ಎರಡೇ ಸಾಲು. ಪ್ಲಂಬರಿನ ಉದ್ದೇಶ ಹನಿ ನಿಲ್ಲಿಸುವುದಾಗಿತ್ತು, ಮನೆ ಮುಳುಗಿಸುವುದಲ್ಲ. ತಿಳಿಯದೆ ಮಾಡಿದ ತಪ್ಪಿಗೂ ಬೇಕೆಂದೇ ಮಾಡಿದ ಹಾನಿಗೂ ಇರುವ ವ್ಯತ್ಯಾಸವನ್ನು ಅಳಿಸಿದರೆ ವಿಮೆ ಯಾವುದಕ್ಕೆ? ನನಗೆ ಕೇಳಿದರೆ ಕಂಪನಿಯ ಮೂರು ಕಾರಣಗಳಲ್ಲಿ ಸ್ವಲ್ಪವಾದರೂ ಹುರುಳಿದ್ದದ್ದು ಇದಕ್ಕೇ. ಹಾನಿ ತಡೆಯಲು ತಕ್ಕ ಎಚ್ಚರ ವಹಿಸಬೇಕೆಂದು ಪಾಲಿಸಿ ಹೇಳುತ್ತದೆ. ಒಂಬತ್ತು ವರ್ಷ ಒಮ್ಮೆಯೂ ಗೀಸರ್ ಬಿಚ್ಚಿಸದಿದ್ದುದನ್ನು ಎಚ್ಚರ ಎನ್ನಲಾಗದು. ಕಂಪನಿ ಆ ಎಳೆಯನ್ನು ಹಿಡಿದು ಎಳೆದಿದ್ದರೆ ಮೇಷ್ಟ್ರಿಗೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ಹಿಡಿಯಲಿಲ್ಲ.

ಜನವರಿಯಲ್ಲಿ ಪತ್ರ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಹೋಯಿತು. ಐಆರ್‌ಡಿಎಐಯ "ಬಿಮಾ ಭರೋಸಾ" ಜಾಲತಾಣದಲ್ಲೂ ದೂರು ದಾಖಲಾಯಿತು. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲೇ ವಿಮಾ ತಕರಾರುಗಳನ್ನು ಇತ್ಯರ್ಥ ಮಾಡುವ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು, ಕಂಪನಿ ನಿರಾಕರಿಸಿರಬೇಕು ಅಥವಾ ಒಂದು ತಿಂಗಳಾದರೂ ಉತ್ತರಿಸಿರಬಾರದು. ಮೇಷ್ಟ್ರು ಆ ಅರ್ಜಿಯನ್ನೂ ಬರೆದಿಟ್ಟುಕೊಂಡಿದ್ದರು. ಬೇಕಾಗಲಿಲ್ಲ. ಫೆಬ್ರುವರಿಯಲ್ಲಿ ಸರ್ವೇಯರ್ ಮತ್ತೆ ಬಂದು ಮೀಟರಿನ ದಾಖಲೆಯನ್ನು ಸಂಘದ ಕಂಪ್ಯೂಟರಿನಲ್ಲೇ ನೋಡಿ, ಪ್ರತಿ ತೆಗೆದುಕೊಂಡು ಹೋದರು. ಅವರ ಬಗ್ಗೆ ನನಗೆ ಬೇಸರವಿಲ್ಲ. ತುಕ್ಕು ಕಂಡವರು ತುಕ್ಕು ಎಂದು ಬರೆದರು. ಮುಹೂರ್ತ ಕಂಡ ಮೇಲೆ ಅದನ್ನೂ ಬರೆದರು.

ಮಾರ್ಚಿನಲ್ಲಿ ಹಣ ಬಂತು. ನೆಲಹಾಸು, ಹಾಸಿಗೆ, ವೈರಿಂಗ್ ಪೂರ್ತಿ. ವಾರ್ಡ್‌ರೋಬಿನ ಕೆಳಭಾಗ ಮಾತ್ರ ಬದಲಿಸಿದರೆ ಸಾಕೆಂದು 21,000, ನೆನೆದ ಗೋಡೆಗಳಿಗಷ್ಟೇ ಬಣ್ಣವೆಂದು 11,000, ಕಂಪ್ಯೂಟರ್ ದುರಸ್ತಿಗೆ 14,500, ಪುಸ್ತಕಗಳಿಗೆ 6,000. ಸೇರಿ 1,00,100. ಅವಶೇಷ ಸಾಗಿಸಿದ ಖರ್ಚಿಗೆ ಕ್ಲೇಮಿನ ಶೇ. 2ರ ಮಿತಿ, ಅಂದರೆ 2,002. ಒಟ್ಟು 1,02,102 ರೂಪಾಯಿ. ಗೀಸರಿಗೆ ಸೊನ್ನೆ.

ಇನ್ನೊಂದಕ್ಕೂ ಸೊನ್ನೆ. ಪುಸ್ತಕದ ಗೂಡಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮೇಷ್ಟ್ರ ಕೈಬರಹದ ಪಾಠದ ಟಿಪ್ಪಣಿಗಳಿದ್ದವು, ಶಾಯಿ ಪೆನ್ನಿನಲ್ಲಿ ಬರೆದವು. ಹಸ್ತಪ್ರತಿ, ದಸ್ತಾವೇಜುಗಳು ಈ ಪಾಲಿಸಿಯ ವ್ಯಾಪ್ತಿಯಲ್ಲಿ ಬರುವುದಿಲ್ಲ. ಅಂಚಿನಿಂದ ಶಾಯಿ ಹರಿದು ಪುಟಗಳೆಲ್ಲ ಮುಂಗಾರಿನ ಆಕಾಶದ ಬಣ್ಣಕ್ಕೆ ತಿರುಗಿದ್ದವು. ತಾರಸಿಯ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನಾಲ್ಕು ದಿನ ಒಣಗಿಸಿದರು. ಅದನ್ನು ಕ್ಲೇಮಿನಲ್ಲಿ ಅವರು ಕೇಳಲೇ ಇಲ್ಲ.

ಕೆಳಮನೆ

ಈ ಭಾಗವೇ ಹೆಚ್ಚು ಗೋಜಲು. ಕೆಳಮನೆಯ ಮಾಲೀಕರು ಮಸ್ಕತ್‌ನಲ್ಲಿದ್ದಾರೆ, ಮನೆಯಲ್ಲಿರುವವರು ಬಾಡಿಗೆದಾರರು. ಸೀಲಿಂಗ್ ಮಾಲೀಕರದು, ಟಿವಿ ಮತ್ತು ಹಾಸಿಗೆ ಬಾಡಿಗೆದಾರರದು. ಮೇಷ್ಟ್ರಿಗೆ ವಿಮೆ ಇದೆಯಲ್ಲ, ಅದರಿಂದಲೇ ಎಲ್ಲ ಕೊಡಿಸಿ ಎಂದು ಎರಡೂ ಕಡೆಯವರು ನನ್ನ ಬಳಿ ಬಂದರು. ಹಾಗೆ ಆಗುವುದಿಲ್ಲ. ಭಾರತ್ ಗೃಹ ರಕ್ಷಾ ನಮ್ಮ ಮನೆ, ನಮ್ಮ ಸಾಮಾನಿಗೆ ಸಂಬಂಧಿಸಿದ್ದು. ನಮ್ಮಿಂದ ಬೇರೆಯವರಿಗಾದ ನಷ್ಟದ ಹೊಣೆಗೆ ಬೇರೆಯೇ ರಕ್ಷಣೆ ಕೊಳ್ಳಬೇಕು, ಮೇಷ್ಟ್ರು ಕೊಂಡಿರಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ನೀರು ಕೆಳಗೇ ಇಳಿಯುತ್ತದೆ ಎಂದು ಗೊತ್ತಿದ್ದೂ ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ ಎಂಬುದು ಸೋಜಿಗ.

ಮಸ್ಕತ್‌ನ ಮಾಲೀಕರ ಬಳಿ ಗೃಹಸಾಲದ ಜೊತೆ ಬ್ಯಾಂಕ್ ಮಾಡಿಸಿದ ಕಟ್ಟಡದ ವಿಮೆ ಇತ್ತು. ಹೀಗೊಂದು ಪಾಲಿಸಿ ಇರುವುದೇ ಅವರಿಗೆ ಮರೆತುಹೋಗಿತ್ತು. ಸಿಡಿದ ಉಪಕರಣ ಯಾರ ಮನೆಯದಾಗಿರಬೇಕೆಂದು ಷರತ್ತಿನ ಸಾಲು ಹೇಳುವುದಿಲ್ಲ. ಹಾಳಾದದ್ದು ವಿಮೆ ಮಾಡಿಸಿದ ಮನೆಯಾಗಿದ್ದರೆ ಆಯಿತು. ಅವರು ತಮ್ಮದೇ ಕಂಪನಿಯಿಂದ ಸೀಲಿಂಗಿನ ಹಣ ಪಡೆದರು. ಬಾಡಿಗೆದಾರರಿಗೆ ಯಾವ ಪಾಲಿಸಿಯೂ ಇರಲಿಲ್ಲ. ಬಾಡಿಗೆಯವರು ಸಾಮಾನಿಗೆ ಮಾತ್ರ ಇದೇ ವಿಮೆ ಕೊಳ್ಳಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಸಂಘದ ಕಚೇರಿಯಲ್ಲಿ ಎರಡು ಸಂಜೆ ಮಾತುಕತೆ ನಡೆದು ಮೇಷ್ಟ್ರು ಕೈಯಿಂದ 15,000 ಕೊಟ್ಟರು. ಟಿವಿಗೇ 32,000 ಆಗಿತ್ತು. ಬಾಡಿಗೆಮನೆಯ ಹುಡುಗನ ಹೆಂಡತಿಗೆ ಸಮಾಧಾನವಾಗಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಈಗಲೂ ಮೊಬೈಲ್ ನೋಡುತ್ತಾಳೆ.

ಇದಾದ ಮೇಲೆ ನಾನು ಮೊದಲು ಬಿಚ್ಚಿಸಿದ್ದು ನನ್ನದೇ ಮನೆಯ ಗೀಸರನ್ನು. ಅದರ ವಾಲ್ವಿನ ಬಾಯಿಯಲ್ಲೂ ಅಂಟು. ಅದೇ ಪ್ಲಂಬರ್, ಅದೇ ಅಚ್ಚುಕಟ್ಟು. ಹೊಸ ವಾಲ್ವ್ ಹಾಕಿಸಿ, ಅದರ ಬಾಯಿಗೆ ಒಂದು ತೆಳು ಕೊಳವೆ ಸಿಕ್ಕಿಸಿ ನೆಲದ ಜಾಲರಿಯವರೆಗೆ ಇಳಿಬಿಟ್ಟಿದ್ದೇವೆ. ಹನಿಯಲಿ, ಗೋಡೆ ಕೆಡದಿದ್ದರೆ ಸಾಕು. ಆನೋಡ್ ಬದಲಿಸಲು ತಗಲುವುದು ಕೆಲವು ನೂರು ರೂಪಾಯಿ. ನಮ್ಮಂಥ ಗಡಸು ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಗಸಿ ತೆಗೆಸುವುದು ಒಳ್ಳೆಯದು; ಬಂದ ಕೆಲಸಗಾರನಿಂದ ಏನು ನೋಡಿದ, ಏನು ಬದಲಿಸಿದ ಎಂದು ದಿನಾಂಕ ಹಾಕಿಸಿ ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಎಚ್ಚರ ವಹಿಸಿದ್ದೆವು ಎಂದು ಬಾಯಲ್ಲಿ ಹೇಳಿದರೆ ಸರ್ವೇಯರ್ ಬರೆದುಕೊಳ್ಳುವುದಿಲ್ಲ. ನೀರು ಎಷ್ಟು ಕಾಯಬೇಕೆಂದು ನಿಯಂತ್ರಿಸುವ ಥರ್ಮೋಸ್ಟ್ಯಾಟನ್ನು 55–60 ಡಿಗ್ರಿಗೆ ಇಳಿಸಿದ್ದೇವೆ. ಊರಿಗೆ ಹೋಗುವವರು ಗೀಸರಿನ ಎಂಸಿಬಿ ಸ್ವಿಚ್ಚನ್ನೂ ಡಕ್ಟಿನ ಮುಖ್ಯ ವಾಲ್ವನ್ನೂ ಬಂದ್ ಮಾಡಿ ಕಾವಲಿನವನ ಪುಸ್ತಕದಲ್ಲಿ ಸಹಿ ಹಾಕಬೇಕು ಎಂದು ಸಂಘ ಒಂದು ನಿಯಮ ಮಾಡಿದೆ. ಸಹಿ ಹಾಕುವವರು ಅರ್ಧ ಜನ. ಜಾಲರಿ ಮುಚ್ಚುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಜಿರಲೆಯ ಭಯ ಪ್ರವಾಹದ ಭಯಕ್ಕಿಂತ ದೊಡ್ಡದು.

2024ರ ಆಗಸ್ಟ್‌ನಲ್ಲಿ ಮೇಷ್ಟ್ರ ಮನೆಗೆ ಇನ್ನೊಂದು ರಿಜಿಸ್ಟರ್ಡ್ ಪತ್ರ ಬಂತು, ಕೆಳಮನೆಯ ವಿಮಾ ಕಂಪನಿಯಿಂದ. ಮಾಲೀಕರಿಗೆ ಕೊಟ್ಟ ಸೀಲಿಂಗಿನ ಹಣವನ್ನು ಹಾನಿಗೆ ಕಾರಣರಾದವರಿಂದ ವಸೂಲು ಮಾಡುವ ಹಕ್ಕು ತಮಗಿದೆ, 24,300 ರೂಪಾಯಿ ಕಟ್ಟಿ ಎಂದು. ಹಣ ಕೊಟ್ಟ ವಿಮಾ ಕಂಪನಿ ತನ್ನ ಗ್ರಾಹಕನ ಸ್ಥಾನದಲ್ಲಿ ನಿಂತು ಹೀಗೆ ಕೇಳುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ನಿರ್ಲಕ್ಷ್ಯ ಇತ್ತೆಂದು ಅದೇ ತೋರಿಸಬೇಕು. ಮೇಷ್ಟ್ರು ಕೆಂಪು ಪೆನ್ನು ಹುಡುಕಿದರು. ಉತ್ತರ ಒಂದೂವರೆ ಪುಟವಾಯಿತು. ಪ್ಲಂಬರಿನ ಚೀಟಿ ಲಗತ್ತಿಸಬೇಕೇ ಬೇಡವೇ ಎಂದು ಮನೆಯಲ್ಲಿ ಮತ್ತೆ ಚರ್ಚೆ ನಡೆಯಿತು. ಈ ಸಲ ನನ್ನನ್ನು ಕಾಫಿಗೆ ಕರೆಯಲಿಲ್ಲ, ಹಾಗಾಗಿ ಏನು ತೀರ್ಮಾನವಾಯಿತೋ ಕೇಳಿಲ್ಲ. ಮೀಟರಿನ ಹಾಳೆಯ ಇನ್ನೊಂದು ಪ್ರತಿ ಮಾತ್ರ ಕೇಳಿದರು, ಸಹಿ ಹಾಕಿ ಕೊಟ್ಟಿದ್ದೇನೆ.